ಕೊಂಡಿಗಳನ್ನು ಕೊಂಡರೆ ಹುಡುಕಾಟದಲ್ಲಿ ಮೇಲೆ ಬರಬಹುದೇ?

ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಬ್ಯಾಕ್‌ಲಿಂಕ್ ಕುರಿತ ಪ್ರಶ್ನೆಗಳು ಈಚೆಗೆ ಹೆಚ್ಚಾಗಿವೆ. ಬೇರೆಯವರ ಜಾಲತಾಣಗಳಿಂದ ನಮ್ಮ ತಾಣಕ್ಕೆ ಬರುವ ಕೊಂಡಿಗಳು ಗೂಗಲ್ ಹುಡುಕಾಟದಲ್ಲಿ ನಮ್ಮನ್ನು ಮೇಲಕ್ಕೆ ತರುತ್ತವೆಯೇ, ತರುವುದಾದರೆ ಅಂಥ ಕೊಂಡಿಗಳನ್ನು ಪಡೆಯುವ ದಾರಿ ಯಾವುದು ಎಂಬುದೇ ಬಹುತೇಕ ಪತ್ರಗಳ ತಿರುಳು. ಆದ್ದರಿಂದ ಈ ಸಂಚಿಕೆಯ ಅಂಕಣವನ್ನು ಪೂರ್ತಿಯಾಗಿ ಈ ವಿಷಯಕ್ಕೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ಮಾನ್ಯರೇ, ನಾವು ಕಾಫಿ ತೋಟದ ನಡುವೆ ನಾಲ್ಕು ಕೋಣೆಗಳ ಹೋಮ್‌ಸ್ಟೇ ನಡೆಸುತ್ತಿದ್ದೇವೆ. ಒಂದು ಸಂಸ್ಥೆಯವರು ಫೋನ್ ಮಾಡಿ, ಮೂರು ತಿಂಗಳಲ್ಲಿ 500 ಬ್ಯಾಕ್‌ಲಿಂಕ್ ಮಾಡಿಕೊಡುತ್ತೇವೆ, ಎಲ್ಲವೂ 'ಡೊಮೈನ್ ಅಥಾರಿಟಿ' 50ಕ್ಕಿಂತ ಮೇಲಿರುವ ತಾಣಗಳಿಂದಲೇ ಬರುತ್ತವೆ, ಗೂಗಲ್‌ನ ಮೊದಲ ಪುಟ ಗ್ಯಾರಂಟಿ ಎಂದು ಹೇಳಿ 24,000 ರೂಪಾಯಿ ಕೇಳಿದ್ದಾರೆ. ಮಳೆಗಾಲದಲ್ಲಿ ಕೋಣೆಗಳು ಖಾಲಿ ಬೀಳುವ ನಮಗೆ ಇದು ಸಣ್ಣ ಮೊತ್ತವಲ್ಲ. ಕೊಡಬಹುದೇ?
— ಓದುಗರೊಬ್ಬರು, ಸಕಲೇಶಪುರ ತಾಲ್ಲೂಕು

ಉತ್ತರ: ಕೊಡಬೇಡಿ. ಕಾರಣವನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ಇಂಥದೇ ಕರೆ ನಿಮ್ಮ ಅಕ್ಕಪಕ್ಕದ ತೋಟದವರಿಗೂ ಬಂದಿರುವ ಸಾಧ್ಯತೆ ಇದೆ.

ಮೊದಲು ಆ 50 ಎಂಬ ಅಂಕಿಯನ್ನು ನೋಡೋಣ. 'ಡೊಮೈನ್ ಅಥಾರಿಟಿ' ಗೂಗಲ್ ಕೊಡುವ ಅಂಕವಲ್ಲ. ಮಾಝ್ ಎಂಬ ಖಾಸಗಿ ಕಂಪನಿ ತಾನು ಕಲೆಹಾಕಿದ ಕೊಂಡಿಗಳ ದಾಖಲೆಯನ್ನು ಆಧರಿಸಿ, 1ರಿಂದ 100ರವರೆಗಿನ ಅಳತೆಯಲ್ಲಿ ತಾನೇ ಹಾಕಿಕೊಡುವ ಅಂದಾಜು ಅದು. ಶ್ರೇಯಾಂಕ ನಿರ್ಧರಿಸುವಾಗ ಇಂಥ ಹೊರಗಿನ ಅಂಕಗಳನ್ನು ತಾನು ಬಳಸುವುದಿಲ್ಲ ಎಂದು ಗೂಗಲ್ ಹಲವು ಬಾರಿ ಹೇಳಿದೆ. ಅಲ್ಲದೆ ಈ ಅಂಕವನ್ನು ಉಬ್ಬಿಸುವುದು ಕಷ್ಟವೂ ಅಲ್ಲ. ಯಾರೂ ಓದದ ಒಂದು ತಾಣಕ್ಕೆ ನೂರಾರು ಅಗ್ಗದ ಕೊಂಡಿಗಳನ್ನು ಹೊಂದಿಸಿ, ಅಂಕ ಏರಿದ ಮೇಲೆ ಆ ತಾಣದಿಂದ ಕೊಂಡಿ ಮಾರುವುದೇ ಒಂದು ಕಸುಬಾಗಿ ಬೆಳೆದಿದೆ. ಇನ್ನು ಮೊದಲ ಸ್ಥಾನದ ಗ್ಯಾರಂಟಿಯನ್ನು ಯಾರೂ ಕೊಡಲಾರರು ಎಂದು ಗೂಗಲ್ ತನ್ನ ಮಾರ್ಗದರ್ಶಿಯಲ್ಲಿ ನೇರವಾಗಿಯೇ ಬರೆದಿದೆ. ಗ್ಯಾರಂಟಿ ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ಫೋನ್ ಇಟ್ಟುಬಿಡಬಹುದು.

ಆ 500 ಕೊಂಡಿಗಳು ಎಲ್ಲಿಂದ ಬರುತ್ತವೆ? ಬಹುಪಾಲು ಯಾವುದೋ ವೇದಿಕೆಗಳಲ್ಲಿ ತೆರೆದಿಟ್ಟ ಖಾಲಿ ಪ್ರೊಫೈಲ್ ಪುಟಗಳಿಂದ, ಹೆಸರಿಗಷ್ಟೇ ಇರುವ ಡೈರೆಕ್ಟರಿಗಳಿಂದ, ಯಂತ್ರದಿಂದ ಬರೆಯಿಸಿದ ಲೇಖನಗಳನ್ನು ತುಂಬಿದ ತಾಣಗಳ ಜಾಲದಿಂದ. ಇವುಗಳನ್ನು ಗುರುತಿಸಲು ಗೂಗಲ್ ಬಳಿ ಸ್ಪ್ಯಾಮ್‌ಬ್ರೇನ್ ಎಂಬ ವ್ಯವಸ್ಥೆಯಿದೆ. ಕೊಂಡಿ ಕೊಳ್ಳುವ ತಾಣಗಳನ್ನೂ ಕೊಂಡಿ ಮಾರಲೆಂದೇ ಹುಟ್ಟಿದ ತಾಣಗಳನ್ನೂ ಪತ್ತೆ ಮಾಡಲು ಅದನ್ನು 2022ರ ಡಿಸೆಂಬರ್‌ನಿಂದ ಬಳಸುತ್ತಿದ್ದಾರೆ. ಹಾಗೆ ಪತ್ತೆಯಾದ ಕೊಂಡಿಗೆ ದೊರೆಯುವ ಬೆಲೆ ಸೊನ್ನೆ. ನಿಮ್ಮ ತಾಣಕ್ಕೆ ಶಿಕ್ಷೆಯಾಗುತ್ತದೆ ಎಂದು ಹೆದರಿಸುವುದು ನನ್ನ ಉದ್ದೇಶವಲ್ಲ. ಹೆಚ್ಚಿನ ಸಂದರ್ಭಗಳಲ್ಲಿ ಶಿಕ್ಷೆಯೂ ಇಲ್ಲ, ಲಾಭವೂ ಇಲ್ಲ, ಕೊಟ್ಟ ಹಣ ಮಾತ್ರ ಹೋಗಿರುತ್ತದೆ. ಕೊಂಡ ಕೊಂಡಿಗಳು ಕೆಲವೊಮ್ಮೆ, ಕೆಲವು ಕಾಲ, ಕೆಲಸ ಮಾಡುವುದೂ ಉಂಟು ಎಂಬುದನ್ನು ನಾನು ಮುಚ್ಚಿಡುವುದಿಲ್ಲ. ಆ ವ್ಯಾಪಾರ ಇನ್ನೂ ಉಸಿರಾಡುತ್ತಿರುವುದೇ ಅದರಿಂದ. ಆದರೆ ಯಾವುದು ಕೆಲಸ ಮಾಡುತ್ತದೆ, ಎಂದು ನಿಂತುಹೋಗುತ್ತದೆ ಎಂಬುದು ಮಾರುವವರಿಗೂ ಗೊತ್ತಿರುವುದಿಲ್ಲ, ಮತ್ತು ನಿಂತಾಗ ಅವರು ನಿಮ್ಮ ಫೋನ್ ಎತ್ತುವುದಿಲ್ಲ.

ನಿಮ್ಮಂಥ ಹೋಮ್‌ಸ್ಟೇಗೆ ಕೊಂಡಿಗಿಂತ ಮೊದಲು ಬೇಕಾದದ್ದು ಗೂಗಲ್ ನಕ್ಷೆಯ ಬಿಸಿನೆಸ್ ಪ್ರೊಫೈಲ್. ಅದು ಉಚಿತ. ಸ್ಥಳೀಯ ಹುಡುಕಾಟದಲ್ಲಿ ಗೂಗಲ್ ನೋಡುವುದಾಗಿ ಹೇಳಿರುವ ಸಂಗತಿಗಳು ಮೂರು: ಹುಡುಕಿದ್ದಕ್ಕೂ ನಿಮಗೂ ಇರುವ ಹೊಂದಿಕೆ, ದೂರ, ಮತ್ತು ನಿಮ್ಮ ಹೆಸರು ಎಷ್ಟರಮಟ್ಟಿಗೆ ಪರಿಚಿತ ಎಂಬುದು. ಕೊಂಡಿಗಳು ಈ ಮೂರನೆಯದರೊಳಗೆ ಬರುತ್ತವೆ, ಅತಿಥಿಗಳು ಬರೆಯುವ ಅಭಿಪ್ರಾಯಗಳೂ ಅದರೊಳಗೇ ಬರುತ್ತವೆ. ಕಳೆದ ವರ್ಷ ತಂಗಿ ಹೋದ ಅತಿಥಿಗಳಿಗೆ ಒಂದು ಸಂದೇಶ ಕಳುಹಿಸಿ, ಅನಿಸಿದ್ದನ್ನು ಬರೆಯಿರಿ ಎಂದು ಕೇಳಿಕೊಂಡರೆ 500 ಕೊಂಡಿಗಳಿಂದ ಆಗದ ಕೆಲಸ ಆಗುತ್ತದೆ.

ಕೊಂಡಿ ಬೇಕೇಬೇಕು ಎಂದಾದರೆ, ಬೇರೆಯವರಿಗೆ ನಿಮ್ಮ ಪುಟವನ್ನು ತೋರಿಸುವ ಅಗತ್ಯ ಬೀಳುವಂತೆ ಮಾಡಿ. ಮಳೆಗಾಲ ಬಂತೆಂದರೆ ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದು ಬೆಂಗಳೂರು–ಮಂಗಳೂರು ಹೆದ್ದಾರಿ ಬಂದ್ ಆಗುವುದು ನಿಮಗೆ ಹೊಸದೇನಲ್ಲ. ಇಂದು ರಸ್ತೆ ತೆರೆದಿದೆಯೇ, ಇಲ್ಲದಿದ್ದರೆ ಚಾರ್ಮಾಡಿ, ಬಿಸಿಲೆ, ಸಂಪಾಜೆ ದಾರಿಗಳ ಸ್ಥಿತಿ ಹೇಗಿದೆ, ಭಾರಿ ವಾಹನಗಳಿಗೆ ಯಾವ ನಿರ್ಬಂಧವಿದೆ ಎಂಬುದನ್ನು ಅಲ್ಲೇ ಇರುವ ನೀವು ಒಂದೇ ಪುಟದಲ್ಲಿ, ದಿನಾಂಕ ಹಾಕಿ, ಮಳೆಗಾಲವಿಡೀ ಬರೆದರೆ ಪ್ರವಾಸದ ಬರಹಗಾರರು, ಸೈಕಲ್ ತಂಡದವರು, ಸುದ್ದಿತಾಣದವರು ಆ ಪುಟಕ್ಕೆ ತಾವಾಗಿಯೇ ಕೊಂಡಿ ಕೊಡುತ್ತಾರೆ. ರೈಲು ಹಳಿಯ ಮೇಲೆ ಚಾರಣ ನಿಷಿದ್ಧ ಎಂದು ತಿಳಿಯದೆ ಬರುವವರಿಗಾಗಿ ಇನ್ನೊಂದು ಪುಟ, ಮಂಜರಾಬಾದ್ ಕೋಟೆಗೆ ಎಷ್ಟು ಹೊತ್ತಿಗೆ ಹೋದರೆ ಮಂಜು ಸರಿದಿರುತ್ತದೆ ಎಂಬುದಕ್ಕೆ ಮತ್ತೊಂದು. ಇದಕ್ಕೆಲ್ಲ ನಿಮ್ಮ ಸಮಯ ಬೇಕು, 24,000 ರೂಪಾಯಿ ಬೇಕಿಲ್ಲ. ಆ ಹಣದಲ್ಲಿ ಕೋಣೆಗಳ ಒಳ್ಳೆಯ ಛಾಯಾಚಿತ್ರ ತೆಗೆಸಿ.

ಪ್ರಶ್ನೆ: ನಾನು ಕಂಪ್ಯೂಟರ್ ಸೈನ್ಸ್ ವಿದ್ಯಾರ್ಥಿ. ಕೊಂಡಿಗೆ ಬೆಲೆ ಕಟ್ಟುವ ಲೆಕ್ಕ ನಿಜಕ್ಕೂ ಹೇಗೆ ನಡೆಯುತ್ತದೆ? ನೂರು ಸಣ್ಣ ಕೊಂಡಿಗಳಿಗಿಂತ ಒಂದು ದೊಡ್ಡ ಕೊಂಡಿ ಮೇಲು ಎನ್ನುತ್ತಾರಲ್ಲ, ಅದಕ್ಕೆ ಆಧಾರವಿದೆಯೇ?
— ವಿದ್ಯಾರ್ಥಿ, ದಾವಣಗೆರೆ

ಉತ್ತರ: ಆಧಾರವಿದೆ, ಮತ್ತು ಅದನ್ನು ನೀವು ಕಾಗದದ ಮೇಲೆಯೇ ಲೆಕ್ಕ ಹಾಕಿ ನೋಡಬಹುದು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಸಂಶೋಧನಾ ವಿದ್ಯಾರ್ಥಿಗಳಾಗಿದ್ದ ಲ್ಯಾರಿ ಪೇಜ್ ಮತ್ತು ಸರ್ಗೆ ಬ್ರಿನ್ 1998ರ ಪ್ರಬಂಧದಲ್ಲಿ ಪೇಜ್‌ರ‍್ಯಾಂಕ್ ಎಂಬ ಸೂತ್ರವನ್ನು ವಿವರಿಸಿದರು. ಒಂದು ವೈಜ್ಞಾನಿಕ ಪ್ರಬಂಧವನ್ನು ಎಷ್ಟು ಮಂದಿ ಉಲ್ಲೇಖಿಸಿದ್ದಾರೆ ಎಂಬುದರಿಂದ ಅದರ ಮಹತ್ವವನ್ನು ಅಳೆಯುವ ಪದ್ಧತಿ ಅದಕ್ಕೂ ಮೊದಲೇ ಇತ್ತು. ಯುಜೀನ್ ಗಾರ್‌ಫೀಲ್ಡ್ 1960ರ ದಶಕದಲ್ಲಿ ಆರಂಭಿಸಿದ ಉಲ್ಲೇಖ ಸೂಚಿ ಅದರ ಪ್ರಸಿದ್ಧ ರೂಪ. ಪೇಜ್ ಮತ್ತು ಬ್ರಿನ್ ಆ ಪದ್ಧತಿಗೆ ಒಂದು ಮುಖ್ಯ ತಿದ್ದುಪಡಿ ಮಾಡಿದರು: ಎಲ್ಲ ಉಲ್ಲೇಖಗಳೂ ಸಮಾನವಲ್ಲ, ಉಲ್ಲೇಖಿಸುವವರ ತೂಕವನ್ನೂ ನೋಡಬೇಕು, ಅವರು ಎಷ್ಟು ಮಂದಿಯನ್ನು ಉಲ್ಲೇಖಿಸಿದ್ದಾರೆ ಎಂಬುದನ್ನೂ ನೋಡಬೇಕು.

ಸೂತ್ರದಲ್ಲಿ 0.85 ಎಂಬ ಒಂದು ಗುಣಕವಿದೆ. ಜಾಲದಲ್ಲಿ ಅಲೆಯುವ ಒಬ್ಬ ಓದುಗ 100ರಲ್ಲಿ 85 ಸಲ ತಾನಿರುವ ಪುಟದ ಕೊಂಡಿಯೊಂದನ್ನು ಒತ್ತಿ ಮುಂದೆ ಹೋಗುತ್ತಾನೆ, ಉಳಿದ 15 ಸಲ ಬೇಸತ್ತು ಸಂಬಂಧವಿಲ್ಲದ ಯಾವುದೋ ಪುಟಕ್ಕೆ ಹಾರುತ್ತಾನೆ ಎಂಬ ಕಲ್ಪನೆ ಅದರ ಹಿಂದಿದೆ. ಈಗ ತೂಕ 1 ಇರುವ ಒಂದು ಪುಟದಲ್ಲಿ ಎರಡೇ ಕೊಂಡಿಗಳಿವೆ, ಅವುಗಳಲ್ಲಿ ಒಂದು ನಿಮ್ಮದು ಎಂದುಕೊಳ್ಳಿ. ನಿಮಗೆ ದಕ್ಕುವುದು 0.85ರ ಅರ್ಧ, ಅಂದರೆ 0.425. ಅಷ್ಟೇ ತೂಕದ ಇನ್ನೊಂದು ಡೈರೆಕ್ಟರಿ ಪುಟದಲ್ಲಿ 100 ಕೊಂಡಿಗಳಿದ್ದರೆ ನಿಮ್ಮ ಪಾಲು 0.0085. ಮೊದಲ ಪುಟದ ಒಂದು ಕೊಂಡಿಗೆ ಸಾಟಿಯಾಗಲು ಅಂಥ ಡೈರೆಕ್ಟರಿ ಪುಟಗಳು 50 ಬೇಕು. ಅದೂ ಆ ಡೈರೆಕ್ಟರಿಗಳ ತೂಕ ಮೊದಲ ಪುಟದಷ್ಟೇ ಇದ್ದರೆ. ವಾಸ್ತವದಲ್ಲಿ ಅದು ಸೊನ್ನೆಯ ಹತ್ತಿರ ಇರುತ್ತದೆ.

ಇಂದಿನ ಲೆಕ್ಕ ಇಷ್ಟು ಸರಳವಾಗಿ ಉಳಿದಿಲ್ಲ. ಪುಟದಲ್ಲಿ ಓದುಗನು ಒತ್ತುವ ಸಾಧ್ಯತೆ ಹೆಚ್ಚಿರುವ ಕೊಂಡಿಗೆ ಹೆಚ್ಚು ತೂಕ, ಅಡಿಬರಹದ ಮೂಲೆಯಲ್ಲಿ ಅಡಗಿದ ಕೊಂಡಿಗೆ ಕಡಿಮೆ ತೂಕ ಕೊಡುವ ವಿಧಾನಕ್ಕೆ ಗೂಗಲ್ 2004ರಲ್ಲಿ ಅರ್ಜಿ ಹಾಕಿ 2010ರಲ್ಲಿ ಪೇಟೆಂಟ್ ಪಡೆಯಿತು. ಅದೇ 2004ರಲ್ಲಿ ಸ್ಟ್ಯಾನ್‌ಫರ್ಡ್ ಮತ್ತು ಯಾಹೂ ಸಂಶೋಧಕರು ಟ್ರಸ್ಟ್‌ರ‍್ಯಾಂಕ್ ಎಂಬ ಇನ್ನೊಂದು ಉಪಾಯ ಮುಂದಿಟ್ಟರು: ನಂಬಿಕೆಗೆ ಅರ್ಹವೆಂದು ಮನುಷ್ಯರೇ ಆರಿಸಿದ ಕೆಲವು ತಾಣಗಳಿಂದ ಆರಂಭಿಸಿ, ಅಲ್ಲಿಂದ ಎಷ್ಟು ಹೆಜ್ಜೆ ದೂರದಲ್ಲಿ ಒಂದು ಪುಟವಿದೆ ಎಂಬುದರ ಮೇಲೆ ಅದರ ನಂಬಿಕೆಯನ್ನು ಅಳೆಯುವುದು.

ಕೊಂಡಿಯ ಮೇಲೆ ಕಾಣುವ ಪದಗಳು, ಅಂದರೆ ಆ್ಯಂಕರ್ ಟೆಕ್ಸ್ಟ್, ಯಾವ ಪುಟಕ್ಕೆ ಕರೆದೊಯ್ಯುತ್ತವೆಯೋ ಅದನ್ನು ಆ ಪುಟದ ಸ್ವಂತ ಬರಹಕ್ಕಿಂತಲೂ ಹಲವೊಮ್ಮೆ ಹೆಚ್ಚು ನಿಖರವಾಗಿ ವರ್ಣಿಸುತ್ತವೆ ಎಂಬ ಒಳನೋಟವೂ ಆ 1998ರ ಪ್ರಬಂಧದಲ್ಲೇ ಇದೆ. ಅದನ್ನು ಜನ ದುರುಪಯೋಗಪಡಿಸಿಕೊಂಡದ್ದಕ್ಕೆ ಹೆಸರಾಂತ ನಿದರ್ಶನ 2003ರದ್ದು. ಅಮೆರಿಕದಲ್ಲಿ ಬಹಳ ಮಂದಿ 'ದಯನೀಯ ವೈಫಲ್ಯ' ಎಂಬರ್ಥದ ಇಂಗ್ಲಿಷ್ ಪದಗಳ ಮೇಲೆ ಅಧ್ಯಕ್ಷ ಜಾರ್ಜ್ ಬುಷ್ ಅವರ ಪರಿಚಯ ಪುಟಕ್ಕೆ ಕೊಂಡಿ ಹಾಕಿದಾಗ, ಆ ಪದಗಳನ್ನು ಹುಡುಕಿದವರಿಗೆ ಅದೇ ಪುಟ ಮೊದಲು ಕಾಣಿಸುತ್ತಿತ್ತು. ಆ ಪುಟದಲ್ಲಿ ಆ ಪದಗಳೇ ಇರಲಿಲ್ಲ. ಗೂಗಲ್ ಇದನ್ನು ಸರಿಪಡಿಸಿದ್ದು 2007ರ ಜನವರಿಯಲ್ಲಿ.

ಪ್ರಶ್ನೆ: ಅಡಿಕೆ ಬೇಸಾಯದ ಬಗ್ಗೆ ಆರು ವರ್ಷಗಳಿಂದ ಕನ್ನಡದಲ್ಲಿ ಬರೆಯುತ್ತಿದ್ದೇನೆ. ನನ್ನ ಬರಹಗಳ ಲಿಂಕ್ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ, ಫೇಸ್‌ಬುಕ್‌ನಲ್ಲಿ ಸಾವಿರಾರು ಜನರಿಗೆ ತಲುಪುತ್ತದೆ. ಕನ್ನಡ ವಿಕಿಪೀಡಿಯದ ಪುಟವೊಂದಕ್ಕೂ ನನ್ನ ಲಿಂಕ್ ಸೇರಿಸಿದ್ದೇನೆ. ಆದರೂ 'ಕೊಳೆರೋಗ' ಎಂದು ಹುಡುಕಿದರೆ ನನ್ನ ತಾಣ ಕಾಣುವುದೇ ಇಲ್ಲ. ಇಷ್ಟೊಂದು ಲಿಂಕ್‌ಗಳು ಲೆಕ್ಕಕ್ಕೆ ಬರುವುದಿಲ್ಲವೇ?
— ಕೃಷಿಕರು, ಶಿರಸಿ

ಉತ್ತರ: ನಿಮ್ಮ ಪತ್ರ ಓದಿ ನನಗೆ ನಿಜಕ್ಕೂ ಸಂಕಟವಾಯಿತು, ಏಕೆಂದರೆ ಕನ್ನಡದಲ್ಲಿ ಬರೆಯುವ ಬಹುತೇಕರ ಸ್ಥಿತಿ ಇದೇ. ವಾಟ್ಸ್‌ಆ್ಯಪ್‌ನಲ್ಲಿ ಹಂಚಿದ ಕೊಂಡಿಯನ್ನು ಯಾವ ಸರ್ಚ್ ಎಂಜಿನ್ನೂ ನೋಡಲಾರದು. ಫೇಸ್‌ಬುಕ್‌ನ ಬರಹಗಳಲ್ಲಿ ಹೆಚ್ಚಿನವು ಲಾಗಿನ್ ಆದವರಿಗಷ್ಟೇ ಕಾಣುತ್ತವೆ, ಅಲ್ಲಿಂದ ಹೊರಹೋಗುವ ಕೊಂಡಿಗಳಿಗೆ 'ನೋಫಾಲೋ' ಎಂಬ ಗುರುತೂ ಇರುತ್ತದೆ. ವಿಕಿಪೀಡಿಯದ ಹೊರಕೊಂಡಿಗಳಿಗೂ ಅದೇ ಗುರುತು. ಈ ಗುರುತನ್ನು 2005ರ ಜನವರಿಯಲ್ಲಿ ಗೂಗಲ್, ಯಾಹೂ ಮತ್ತು ಮೈಕ್ರೋಸಾಫ್ಟ್ ಒಟ್ಟಾಗಿ ಜಾರಿಗೆ ತಂದವು. ಈ ಕೊಂಡಿಗೆ ನಾವು ಹೊಣೆಯಲ್ಲ, ಇದನ್ನು ನಮ್ಮ ಶಿಫಾರಸು ಎಂದು ತಿಳಿಯಬೇಡಿ ಎಂದು ತಾಣದವರು ಸರ್ಚ್ ಎಂಜಿನ್‌ಗೆ ಹೇಳುವ ವಿಧಾನ ಅದು. 2019ರ ಸೆಪ್ಟೆಂಬರ್‌ನಿಂದ ಶ್ರೇಯಾಂಕದ ಲೆಕ್ಕದಲ್ಲಿ ಗೂಗಲ್ ಇದನ್ನು ಕಟ್ಟುನಿಟ್ಟಾದ ಆದೇಶವೆಂದು ಭಾವಿಸದೆ ಒಂದು ಸೂಚನೆ ಎಂದಷ್ಟೇ ಪರಿಗಣಿಸುತ್ತಿದೆಯಾದರೂ, ಅದನ್ನೇ ನೆಚ್ಚಿಕೊಂಡು ಕೂರುವಂತಿಲ್ಲ. ವಿಕಿಪೀಡಿಯಕ್ಕೆ ಸ್ವಂತ ತಾಣದ ಕೊಂಡಿಯನ್ನು ತಾವೇ ಸೇರಿಸುವುದನ್ನು ಅಲ್ಲಿನ ಸಂಪಾದಕರು ಒಪ್ಪುವುದಿಲ್ಲ ಎಂಬುದನ್ನೂ ತಿಳಿದಿರಿ.

ಹಾಗೆಂದು ನೀವು ಹಂಚಿದ್ದು ವ್ಯರ್ಥವಾಗಿಲ್ಲ. ಆ ಸಾವಿರಾರು ಓದುಗರಲ್ಲಿ ಯಾರೋ ಒಬ್ಬ ಪತ್ರಕರ್ತ, ಒಬ್ಬ ಕೃಷಿ ಉಪನ್ಯಾಸಕಿ, ಸಹಕಾರ ಸಂಘದ ತಾಣ ನೋಡಿಕೊಳ್ಳುವ ಒಬ್ಬ ಹುಡುಗ ಇರುತ್ತಾನೆ. ಅವರು ತಮ್ಮ ತಾಣದಲ್ಲಿ ನಿಮ್ಮನ್ನು ಉಲ್ಲೇಖಿಸಿದಾಗ ಆ ಕೊಂಡಿ ಲೆಕ್ಕಕ್ಕೆ ಬರುತ್ತದೆ. ಆದ್ದರಿಂದ ಉಲ್ಲೇಖಿಸಲು ಅನುಕೂಲವಾಗುವಂತೆ ಬರೆಯಬೇಕು. ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣಕ್ಕೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, 100 ಲೀಟರ್ ನೀರು ಎಂಬುದನ್ನು ನೂರು ತಾಣಗಳು ಹೇಳುತ್ತವೆ. ಅದಕ್ಕಾಗಿ ನಿಮಗೇ ಕೊಂಡಿ ಕೊಡಬೇಕಾದ ಕಾರಣ ಯಾರಿಗೂ ಇಲ್ಲ. ಆದರೆ ಆರು ಮಳೆಗಾಲಗಳಲ್ಲಿ ನಿಮ್ಮ ತೋಟದಲ್ಲಿ ಎಷ್ಟು ಮಳೆಯಾಯಿತು, ಮೊದಲ ಸಿಂಪಡಣೆ ಯಾವ ದಿನ ಆಯಿತು, ಎರಡನೆಯದಕ್ಕೆ ಬಿಡುವು ಸಿಗದ ವರ್ಷ ಎಷ್ಟು ಅಡಿಕೆ ಕೊನೆಗಳು ಹಾಳಾದವು ಎಂಬ ದಾಖಲೆ ನಿಮ್ಮ ಬಳಿ ಮಾತ್ರ ಇದೆ. ಅದನ್ನು ಒಂದು ಸ್ಥಿರವಾದ ಪುಟದಲ್ಲಿ, ವರ್ಷವಾರು ಕೋಷ್ಟಕವಾಗಿ ಇಡಿ, ಪ್ರತಿ ವರ್ಷ ಅದೇ ಪುಟವನ್ನು ಮುಂದುವರಿಸಿ. ಬಳಿಕ ಶಿರಸಿಯ ತೋಟಗಾರಿಕಾ ಕಾಲೇಜಿನವರಿಗೆ, ವಿಟ್ಲದಲ್ಲಿರುವ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯ ಪ್ರಾದೇಶಿಕ ಕೇಂದ್ರಕ್ಕೆ, ನಿಮ್ಮ ಜಿಲ್ಲೆಯ ಪತ್ರಿಕಾ ವರದಿಗಾರರಿಗೆ ಎರಡೇ ಸಾಲಿನ ಪತ್ರ ಬರೆದು ಆ ಪುಟದ ವಿಳಾಸ ಕೊಡಿ. ಕೊಂಡಿ ಕೊಡಿ ಎಂದು ಕೇಳುವುದೂ ಬೇಡ. ಎಲೆಚುಕ್ಕೆ ರೋಗದ ಸುದ್ದಿ ಬಿಸಿಯಾಗಿರುವ ತಿಂಗಳಿನಲ್ಲಿ ಅಂಥ ದಾಖಲೆಗಾಗಿ ಅವರು ಹುಡುಕುತ್ತಲೇ ಇರುತ್ತಾರೆ.

ಇನ್ನೊಂದು ಮಾತು. ನಿಮ್ಮ ಹಳೆಯ ಲೇಖನಗಳಲ್ಲಿ ಕೆಲವನ್ನಾದರೂ ಯೂನಿಕೋಡ್ ಅಲ್ಲದ ಹಳೆಯ ಫಾಂಟಿನಲ್ಲಿ ಬೆರಳಚ್ಚು ಮಾಡಿ ಪಿಡಿಎಫ್ ರೂಪದಲ್ಲಿ ಹಾಕಿದ್ದರೆ, ಸರ್ಚ್ ಎಂಜಿನ್‌ಗೆ ಅವು ಕನ್ನಡವಾಗಿ ಕಾಣುವುದು ಅನುಮಾನ. ಅಂಥ ಪುಟಕ್ಕೆ ಎಷ್ಟೇ ಕೊಂಡಿ ಬಂದರೂ 'ಕೊಳೆರೋಗ' ಎಂಬ ಪದಕ್ಕೂ ಆ ಪುಟಕ್ಕೂ ನಂಟು ಬೆಸೆಯುವುದು ಕಷ್ಟ. ಮೊದಲು ಅವನ್ನು ಯೂನಿಕೋಡ್‌ಗೆ ಪರಿವರ್ತಿಸಿ ಸಾಮಾನ್ಯ ಪುಟಗಳಾಗಿ ಹಾಕಿ.

ಪ್ರಶ್ನೆ: ನಮ್ಮ ಶಾಲೆಯ ತಾಣದಿಂದ ಹೊರಗಿನ ತಾಣಗಳಿಗೆ ಕೊಂಡಿ ಕೊಟ್ಟರೆ ನಮ್ಮ ಸ್ಥಾನ ಕುಸಿಯುತ್ತದೆ ಎನ್ನುತ್ತಾರೆ. ನಿಜವೇ?
— ಶಿಕ್ಷಕರು, ಧಾರವಾಡ

ಉತ್ತರ: ನಿಜವಲ್ಲ. ಮಕ್ಕಳಿಗೆ ಉಪಯೋಗವಾಗುವ ತಾಣಗಳಿಗೆ ಧಾರಾಳವಾಗಿ ಕೊಂಡಿ ಕೊಡಿ. ಹಣ ಪಡೆದು ಯಾರದಾದರೂ ಜಾಹೀರಾತು ಕೊಂಡಿ ಹಾಕಿದ್ದರೆ ಮಾತ್ರ ಅದಕ್ಕೆ 'ಸ್ಪಾನ್ಸರ್ಡ್' ಎಂಬ ಗುರುತು ಸೇರಿಸಲು ನಿಮ್ಮ ತಾಣ ನೋಡಿಕೊಳ್ಳುವವರಿಗೆ ಹೇಳಿ.

ಪ್ರಶ್ನೆ: ನಾನು ಎಸ್ಇಒ (ತಾಣಗಳನ್ನು ಹುಡುಕಾಟದಲ್ಲಿ ಮೇಲೆ ತರುವ ಕೆಲಸ) ವಿಭಾಗದಲ್ಲಿ ಎರಡು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ತಿಂಗಳಿಗೆ ಇಂತಿಷ್ಟು ಕೊಂಡಿ ತರಲೇಬೇಕು ಎಂಬ ಗುರಿ ಕೊಟ್ಟಿದ್ದಾರೆ. ಗೆಸ್ಟ್ ಪೋಸ್ಟ್, ಕೊಂಡಿ ವಿನಿಮಯ, ಮುರಿದ ಕೊಂಡಿಗಳನ್ನು ಹುಡುಕಿ ಬದಲಿ ಕೊಡುವುದು, ಪತ್ರಿಕೆಗಳ ಮೂಲಕ ಪ್ರಚಾರ ಇವುಗಳಲ್ಲಿ ಯಾವುದು ನಿಜವಾಗಿ ಫಲ ಕೊಡುತ್ತದೆ?
— ಓದುಗರೊಬ್ಬರು, ಬೆಂಗಳೂರು

ಉತ್ತರ: ಈ ವಿಧಾನಗಳನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿ ಅಂಕ ಕೊಡುವ ಮೊದಲು ಒಂದು ಎಚ್ಚರಿಕೆ ಹೇಳಬೇಕು. ಮೇಲಿನ ಸ್ಥಾನದಲ್ಲಿರುವ ಪುಟಗಳಿಗೆ ಹೆಚ್ಚು ಕೊಂಡಿಗಳಿರುತ್ತವೆ ಎಂದು ತೋರಿಸುವ ನಕ್ಷೆಗಳನ್ನು ನೀವು ಬಹಳ ನೋಡಿರುತ್ತೀರಿ. ಒಳ್ಳೆಯ ಪುಟಕ್ಕೆ ಜನ ಕೊಂಡಿಯನ್ನೂ ಕೊಡುತ್ತಾರೆ, ಅದು ಮೇಲೆಯೂ ಬರುತ್ತದೆ; ಮೇಲಿರುವ ಪುಟ ಕಣ್ಣಿಗೆ ಬಿದ್ದದ್ದರಿಂದಲೇ ಇನ್ನಷ್ಟು ಕೊಂಡಿಗಳು ಬರುತ್ತವೆ. ಯಾವುದು ಕಾರಣ, ಯಾವುದು ಪರಿಣಾಮ ಎಂಬುದನ್ನು ಆ ನಕ್ಷೆಗಳು ಹೇಳುವುದಿಲ್ಲ.

ಗೆಸ್ಟ್ ಪೋಸ್ಟ್, ಅಂದರೆ ಬೇರೆಯವರ ತಾಣದಲ್ಲಿ ಲೇಖನ ಬರೆದು ಅದರೊಳಗೆ ನಮ್ಮ ಕೊಂಡಿ ಇಡುವುದು, ಒಂದು ಕಾಲಕ್ಕೆ ಗೌರವದ ಕೆಲಸವಾಗಿತ್ತು. ಅದನ್ನು ಕಾರ್ಖಾನೆಯಾಗಿ ಮಾಡಿದ ಮೇಲೆ, ಆಗ ಗೂಗಲ್‌ನಲ್ಲಿ ಸ್ಪ್ಯಾಮ್ ವಿರೋಧಿ ತಂಡದ ಮುಖ್ಯಸ್ಥರಾಗಿದ್ದ ಮ್ಯಾಟ್ ಕಟ್ಸ್ 2014ರ ಜನವರಿಯಲ್ಲಿ, ಕೊಂಡಿಗಾಗಿ ಗೆಸ್ಟ್ ಪೋಸ್ಟ್ ಬರೆಯುವುದನ್ನು ನಿಲ್ಲಿಸಿ ಎಂದೇ ಬರೆದರು. ನಿಮ್ಮ ವಿಷಯವನ್ನು ಓದುವ ಜನ ನಿಜವಾಗಿ ಇರುವ ತಾಣಕ್ಕೆ, ಅಲ್ಲಿನ ಸಂಪಾದಕರು ತಿದ್ದಿ ಪ್ರಕಟಿಸುವಂಥ ಲೇಖನ ಬರೆದರೆ ಇಂದಿಗೂ ಉಪಯೋಗವಿದೆ. ಅಲ್ಲಿಂದ ಓದುಗರೇ ನಿಮ್ಮಲ್ಲಿಗೆ ಬರುತ್ತಾರೆ. 'ನಮಗಾಗಿ ಬರೆಯಿರಿ' ಎಂಬ ಪುಟವಿಟ್ಟು ದರಪಟ್ಟಿ ಕಳುಹಿಸುವ ತಾಣಗಳಿಂದ ದೂರವಿರಿ. ಕೊಂಡಿ ವಿನಿಮಯದ ಬಗ್ಗೆ ಹೆಚ್ಚು ಹೇಳುವುದಿಲ್ಲ: ಇಬ್ಬರು ಸ್ನೇಹಿತರು ಸಹಜವಾಗಿ ಪರಸ್ಪರ ಉಲ್ಲೇಖಿಸಿಕೊಂಡರೆ ತೊಂದರೆಯಿಲ್ಲ, ಪಟ್ಟಿ ಹಿಡಿದು ಮಾಡಿದರೆ ಅದು ನಿಯಮಕ್ಕೆ ವಿರುದ್ಧ.

ಮುರಿದ ಕೊಂಡಿಯ ವಿಧಾನ ಪ್ರಾಮಾಣಿಕವಾದದ್ದು, ಆದರೆ ಶ್ರಮದ್ದು. ಒಂದು ಗ್ರಂಥಾಲಯದ ತಾಣದಲ್ಲಿ ಯಾವುದೋ ಪುಟಕ್ಕೆ ಕೊಟ್ಟ ಕೊಂಡಿ ಈಗ ತೆರೆಯುವುದಿಲ್ಲ ಎಂದು ತಿಳಿಸಿ, ಅದೇ ವಿಷಯದ ನಿಮ್ಮ ಪುಟವನ್ನು ಸೂಚಿಸುವುದು ಅದರ ಕ್ರಮ. ಹತ್ತಾರು ಪತ್ರಗಳಿಗೆ ಒಂದು ಉತ್ತರ ಬಂದರೆ ಹೆಚ್ಚು. ಆ ಕಳೆದುಹೋದ ಪುಟ ಹೇಳುತ್ತಿದ್ದುದನ್ನು ನಿಮ್ಮ ಪುಟ ಹೇಳದಿದ್ದರೆ ಆ ಒಂದೂ ಬರುವುದಿಲ್ಲ.

ಪತ್ರಿಕೆಗಳು ತಾವಾಗಿ ಬರೆದ ಸುದ್ದಿಯೊಳಗಿನ ಕೊಂಡಿ ಎಲ್ಲಕ್ಕಿಂತ ಬಲವಾದದ್ದು ಎಂಬುದು ನನ್ನ ಅಭಿಪ್ರಾಯ. ನಿಮ್ಮ ಗ್ರಾಹಕರ ಬಳಿಯಿರುವ ಮಾಹಿತಿಯಲ್ಲಿ ಸುದ್ದಿಯಾಗುವಂಥದ್ದು ಏನಿದೆ ಎಂದು ಹುಡುಕುವುದಕ್ಕೆ ತಿಂಗಳ ಅರ್ಧ ಸಮಯ ಹೋದರೂ ಸರಿಯೆ. ಆದರೆ ಹಣ ಕೊಟ್ಟು ಹಾಕಿಸಿದ ಜಾಹೀರಾತು ಲೇಖನವನ್ನು ಇದರೊಂದಿಗೆ ಬೆರೆಸಬೇಡಿ. 2013ರ ಫೆಬ್ರವರಿಯಲ್ಲಿ ಬ್ರಿಟನ್‌ನ ಹೂ ಮಾರಾಟ ಸಂಸ್ಥೆ ಇಂಟರ್‌ಫ್ಲೋರಾ ಪ್ರಾದೇಶಿಕ ಪತ್ರಿಕೆಗಳಲ್ಲಿ ಅಂಥ ಲೇಖನಗಳನ್ನು ಹಾಕಿಸಿ ಕೊಂಡಿ ಪಡೆದಿತ್ತು. ಅಲ್ಲಿನ ತಾಯಂದಿರ ದಿನಕ್ಕೆ ಕೆಲವೇ ವಾರಗಳಿರುವಾಗ, ಸಂಸ್ಥೆಯ ಹೆಸರನ್ನೇ ಹುಡುಕಿದರೂ ಅದು ಸಿಗದಂತಾಯಿತು. ಕೊಂಡಿಗಳನ್ನು ತೆಗೆಸಿದ ಬಳಿಕ ಎರಡು ವಾರದೊಳಗೆ ಮರಳಿ ಬಂತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಹಾಡುಗಳ ಸಾಹಿತ್ಯ ಪ್ರಕಟಿಸುವ ರ‍್ಯಾಪ್ ಜೀನಿಯಸ್ ತಾಣ, ತನಗೆ ಕೊಂಡಿ ಕೊಟ್ಟವರ ಬರಹಗಳಿಗೆ ಟ್ವಿಟರ್‌ನಲ್ಲಿ ಪ್ರಚಾರ ಕೊಡುವುದಾಗಿ ಹೇಳಿದ್ದು ಬಯಲಾಗಿ ಸುಮಾರು ಹತ್ತು ದಿನ ಕೆಳಗೆ ಬಿದ್ದಿತ್ತು.

ನಿಮ್ಮ ಮೇಲಧಿಕಾರಿಗಳಿಗೆ ಹೇಳಬಹುದಾದ ನಿದರ್ಶನ 2011ರದ್ದು. ಅಮೆರಿಕದ ಜೆ.ಸಿ. ಪೆನಿ ಎಂಬ ದೊಡ್ಡ ಮಳಿಗೆ ಉಡುಪು, ಪೀಠೋಪಕರಣ, ಹಾಸಿಗೆ ಹೊದಿಕೆ ಹೀಗೆ ಒಂದಕ್ಕೊಂದು ಸಂಬಂಧವೇ ಇಲ್ಲದ ಅನೇಕ ಪದಗಳಿಗೆ ತಿಂಗಳುಗಟ್ಟಲೆ ಮೊದಲ ಸ್ಥಾನದಲ್ಲಿತ್ತು. ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ತನಿಖೆ ಮಾಡಿಸಿದಾಗ, ಯಾವ ಸಂಬಂಧವೂ ಇಲ್ಲದ 2,000ಕ್ಕೂ ಹೆಚ್ಚು ಪುಟಗಳಲ್ಲಿ ಆ ಪದಗಳ ಮೇಲೆ ಕೊಂಡಿಗಳನ್ನು ನೆಟ್ಟಿದ್ದು ಕಂಡುಬಂತು. ಗೂಗಲ್ ಕ್ರಮ ಕೈಗೊಂಡ ಸಂಜೆ, ಒಂದು ಹುಡುಕಾಟದಲ್ಲಿ ಮೊದಲಿದ್ದ ಸ್ಥಾನ ಎರಡೇ ಗಂಟೆಗಳಲ್ಲಿ 71ಕ್ಕೆ ಇಳಿಯಿತು. ತಿಂಗಳುಗಟ್ಟಲೆ ಆ ಕೊಂಡಿಗಳು ಫಲ ಕೊಟ್ಟಿದ್ದವು ಎಂಬುದೂ ಈ ಪ್ರಕರಣದಲ್ಲಿ ಸ್ಪಷ್ಟವಿದೆ. ಆದರೆ ಅದು ಆ ಕಾಲದ ಮಾತು. 2012ರ ಏಪ್ರಿಲ್ 24ರಂದು ಕೃತಕ ಕೊಂಡಿಗಳ ವಿರುದ್ಧ ಗೂಗಲ್ ತಂದ ಪೆಂಗ್ವಿನ್ ಎಂಬ ಬದಲಾವಣೆ ಬಂತು, ಇಂಗ್ಲಿಷ್ ಹುಡುಕಾಟಗಳಲ್ಲಿ ಸುಮಾರು ಶೇಕಡಾ 3.1ರಷ್ಟರ ಮೇಲೆ ಪರಿಣಾಮ ಆಯಿತು. ಆ ಏಟು ತಿಂದ ತಾಣಗಳು ಕೊಂಡಿಗಳನ್ನೆಲ್ಲ ಶುಚಿಗೊಳಿಸಿದರೂ ಮುಂದಿನ ಪೆಂಗ್ವಿನ್ ಬರುವವರೆಗೆ ಕಾಯಬೇಕಿತ್ತು. 2014ರ ಅಕ್ಟೋಬರ್‌ನಿಂದ 2016ರ ಸೆಪ್ಟೆಂಬರ್‌ವರೆಗೆ, ಸುಮಾರು ಎರಡು ವರ್ಷ, ಅದು ಬರಲೇ ಇಲ್ಲ. ಸಣ್ಣ ವ್ಯಾಪಾರಗಳಿಗೆ ಎರಡು ವರ್ಷ ಎಂದರೆ ಏನು ಎಂಬುದನ್ನು ವಿವರಿಸಬೇಕಿಲ್ಲ. 2016ರ ಬಳಿಕ ಆ ವ್ಯವಸ್ಥೆ ಸತತವಾಗಿ ನಡೆಯುತ್ತಿದೆ, ತಾಣವನ್ನು ಕೆಳಗಿಳಿಸುವ ಬದಲು ಕೆಟ್ಟ ಕೊಂಡಿಯನ್ನು ಲೆಕ್ಕದಿಂದ ಬಿಡುತ್ತದೆ.

ತಿಂಗಳ ಗುರಿಯ ಬಗ್ಗೆ: ಕೊಂಡಿಗಳ ಸಂಖ್ಯೆಯ ಬದಲು, ಹೊಸದಾಗಿ ಉಲ್ಲೇಖಿಸಿದ ತಾಣಗಳು ಎಷ್ಟು, ಆ ಕೊಂಡಿಗಳನ್ನು ಒತ್ತಿ ಬಂದ ಓದುಗರು ಎಷ್ಟು ಎಂಬ ಎರಡು ಅಂಕಿಗಳನ್ನು ವರದಿಯಲ್ಲಿ ಕೊಡಲು ಅನುಮತಿ ಕೇಳಿ. ಯಾರೂ ಒತ್ತದ ಕೊಂಡಿಗಾಗಿ ಇಡೀ ದಿನ ಕಳೆಯುವುದು ನಿಮ್ಮ ವಯಸ್ಸಿನವರ ದುಡಿಮೆಗೆ ಆಗುವ ಅನ್ಯಾಯ ಎಂದೇ ನಾನು ಭಾವಿಸುತ್ತೇನೆ.

ಪ್ರಶ್ನೆ: ಕೊಂಡಿಗಳ ಕಾಲವೇ ಮುಗಿಯಿತು, ಇನ್ನು ಕೃತಕ ಬುದ್ಧಿಮತ್ತೆಯ ಉತ್ತರಗಳ ಕಾಲ ಎನ್ನುವುದು ಸರಿಯೇ?
— ನಿವೃತ್ತ ಬ್ಯಾಂಕ್ ಅಧಿಕಾರಿ, ಮೈಸೂರು

ಉತ್ತರ: ಮುಗಿದಿಲ್ಲ, ಆದರೆ ಪ್ರಭಾವ ಇಳಿದಿದೆ. ಕೊಂಡಿ, ಪುಟದ ಬರಹ ಮತ್ತು ಹುಡುಕಿದವರ ಉದ್ದೇಶ ಗ್ರಹಿಸಲು ಗೂಗಲ್ ಬಳಸುವ ಯಂತ್ರಕಲಿಕೆಯ ವ್ಯವಸ್ಥೆಯಾದ ರ‍್ಯಾಂಕ್‌ಬ್ರೇನ್ ಈ ಮೂರು ಅತಿ ಮುಖ್ಯ ಎಂದು 2016ರಲ್ಲಿ ಗೂಗಲ್‌ನ ಪ್ರತಿನಿಧಿಯೊಬ್ಬರು ಹೇಳಿದ್ದರು. 2023ರಲ್ಲಿ ಅದೇ ಸಂಸ್ಥೆಯ ಗ್ಯಾರಿ ಇಲ್ಯೆಶ್, ಜನ ಕೊಂಡಿಗಳಿಗೆ ಇರುವುದಕ್ಕಿಂತ ಹೆಚ್ಚಿನ ಮಹತ್ವ ಕೊಡುತ್ತಿದ್ದಾರೆ, ಕೆಲವು ಕಾಲದಿಂದ ಅವು ಮೊದಲ ಮೂರರಲ್ಲಿ ಇಲ್ಲ ಎಂದರು. 2024ರ ಮಾರ್ಚ್‌ನಲ್ಲಿ ಗೂಗಲ್ ತನ್ನ ಸ್ಪ್ಯಾಮ್ ನೀತಿಯಲ್ಲಿ ಕೊಂಡಿಗಳನ್ನು 'ಮುಖ್ಯ ಅಂಶ' ಎಂದಿದ್ದುದನ್ನು ತಿದ್ದಿ ಬರೀ 'ಅಂಶ' ಎಂದು ಬರೆಯಿತು. ಹುಡುಕಾಟದ ಪುಟದ ಮೇಲ್ತುದಿಯಲ್ಲಿ ಈಗ ಕಾಣುವ ಯಂತ್ರರಚಿತ ಉತ್ತರಗಳೂ ತಮ್ಮ ಆಧಾರವಾಗಿ ಜಾಲಪುಟಗಳನ್ನೇ ತೋರಿಸುತ್ತವೆ.

ಪ್ರಶ್ನೆ: ಚನ್ನಪಟ್ಟಣದ ಗೊಂಬೆಗಳನ್ನು ನಮ್ಮ ತಾಣದ ಮೂಲಕ ಮಾರುತ್ತೇವೆ. ಜೂಜಿನ, ಅಶ್ಲೀಲ ವಿಷಯಗಳ ವಿದೇಶಿ ತಾಣಗಳಿಂದ ನಮಗೆ ನೂರಾರು ಕೊಂಡಿಗಳು ಬಂದಿರುವುದು ಕಾಣುತ್ತಿದೆ. ಇವನ್ನು ತೆಗೆಸಿಕೊಡುತ್ತೇವೆ ಎಂದು ಒಬ್ಬರು ಹಣ ಕೇಳುತ್ತಿದ್ದಾರೆ. ಏನು ಮಾಡಲಿ?
— ಓದುಗರೊಬ್ಬರು, ಚನ್ನಪಟ್ಟಣ

ಉತ್ತರ: ಹಣ ಕೊಡಬೇಡಿ. ಇಂಥ ಕೊಂಡಿಗಳು ಹೆಚ್ಚೂಕಡಿಮೆ ಎಲ್ಲ ತಾಣಗಳಿಗೂ ಬರುತ್ತವೆ. ಅಂಥ ತಾಣಗಳು ತಮ್ಮ ಪುಟ ತುಂಬಿಸಲು ಸಿಕ್ಕಸಿಕ್ಕ ವಿಳಾಸಗಳನ್ನು ಗೋರಿ ಹಾಕಿಕೊಳ್ಳುತ್ತವೆ, ಗೂಗಲ್ ಅವನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಬೇಡದ ಕೊಂಡಿಗಳನ್ನು ತಿರಸ್ಕರಿಸಿ ಎಂದು ಗೂಗಲ್‌ಗೆ ಪಟ್ಟಿ ಕೊಡುವ 'ಡಿಸ್‌ಅವೋ' ಎಂಬ ಸೌಲಭ್ಯ 2012ರ ಅಕ್ಟೋಬರ್‌ನಿಂದ ಇದೆ. ಬಹುತೇಕ ತಾಣಗಳಿಗೆ ಅದರ ಅಗತ್ಯವಿಲ್ಲ ಎಂದು ಗೂಗಲ್ ಹೇಳುತ್ತದೆ. ತಪ್ಪು ಪಟ್ಟಿ ಕೊಟ್ಟರೆ ನಿಮಗೆ ನೆರವಾಗುತ್ತಿರುವ ಒಳ್ಳೆಯ ಕೊಂಡಿಗಳೂ ಹೋಗುತ್ತವೆ.

ನೀವು ಮಾಡಬೇಕಾದದ್ದು ಇಷ್ಟೇ. ತಾಣದ ಒಡೆಯರಿಗಾಗಿ ಗೂಗಲ್ ಇಟ್ಟಿರುವ ಸರ್ಚ್ ಕನ್ಸೋಲ್ ತೆರೆದು 'ಮ್ಯಾನುಯಲ್ ಆ್ಯಕ್ಷನ್ಸ್' ಎಂಬ ವಿಭಾಗ ನೋಡಿ. ಗೂಗಲ್ ಸಿಬ್ಬಂದಿ ಖುದ್ದಾಗಿ ನಿಮ್ಮ ತಾಣದ ಮೇಲೆ ಕ್ರಮ ಕೈಗೊಂಡಿದ್ದರೆ ಅಲ್ಲಿ ಬರೆದಿರುತ್ತಾರೆ. ಏನೂ ಇಲ್ಲವೆಂದಿದ್ದರೆ ಆ ಕೊಂಡಿಗಳನ್ನು ಮರೆತುಬಿಡಿ. ಏನಾದರೂ ಇದ್ದರೆ, ಹಿಂದೆ ನಿಮ್ಮ ಪರವಾಗಿ ಯಾರಾದರೂ ಕೊಂಡಿ ಕೊಂಡಿದ್ದರೇ ಎಂದು ಮೊದಲು ವಿಚಾರಿಸಿ, ಸಾಧ್ಯವಾದವನ್ನು ಆಯಾ ತಾಣದವರಿಗೆ ಬರೆದು ತೆಗೆಸಿ, ಉಳಿದವನ್ನಷ್ಟೇ ಆ ಪಟ್ಟಿಗೆ ಸೇರಿಸಿ, ಆಮೇಲೆ ಅಲ್ಲಿಂದಲೇ ಮರುಪರಿಶೀಲನೆಗೆ ಅರ್ಜಿ ಹಾಕಿ. ಏನೇನು ಮಾಡಿದಿರಿ ಎಂಬುದನ್ನು ದಿನಾಂಕದ ಸಮೇತ ಅರ್ಜಿಯಲ್ಲಿ ಬರೆಯಿರಿ, ಏನನ್ನೂ ಮುಚ್ಚಿಡಬೇಡಿ. ಅದನ್ನು ಓದುವವರು ಮನುಷ್ಯರು.